ಹ್ಯಾಂಗಾತು ಅಂತ ಕೇಳುವವರು

ಫೇಸ್‌ಬುಕ್ ತೆರೆದ ಕೂಡಲೇ ಮೇಲ್ಗಡೆ ಒಂದು ಖಾಲಿ ಪೆಟ್ಟಿಗೆ ಇರುತ್ತಲ್ಲ, ಅದು ಹೆಸರು ಹಿಡಿದು ಕೇಳುತ್ತೆ, ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ. ನಿಮಗೆ ತಮಾಷೆ ಅನ್ನಿಸಬಹುದು. ಆದ್ರೆ ನನ್ನ ಓರಗೆಯವರಿಗೆ, ಅಂದ್ರೆ ಎಂಬತ್ತರ ದಶಕದ ಕೊನೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡ್ಕೊಂಡು ಕುಮಟೆಯಲ್ಲಿ ಮುಂಬಯಿ ಬಸ್ಸು ಹತ್ತಿದವರಿಗೆ, ಈ ಪ್ರಶ್ನೆಯನ್ನ ಇಷ್ಟು ನೇರವಾಗಿ ಕೇಳಿದ್ದು ಈ ಪೆಟ್ಟಿಗೆಯೇ ಮೊದಲು ಇರಬೇಕು. ಊಟ ಆಯ್ತಾ ಅಂತ ಕೇಳಿದವರಿದ್ದಾರೆ. ಸಂಬಳ ಎಷ್ಟು ಅಂತ ಕೇಳಿದವರಿಗಂತೂ ಲೆಕ್ಕವಿಲ್ಲ. ಮನಸ್ಸಲ್ಲಿ ಏನಿದೆ ಅಂತ? ಊಹೂಂ.

ನಾವು ಕಲಿತ ಬರವಣಿಗೆಯೇ ಬೇರೆ. ನೀಲಿ ಇನ್‌ಲ್ಯಾಂಡ್ ಪತ್ರ. ಮೇಲೆ ನಡುಮಧ್ಯ ದೇವರ ಹೆಸರು, ಪಕ್ಕದಲ್ಲಿ "ಕ್ಷೇಮ" ಅಂತ ಬರೆದು ಅದರಡಿಗೆ ಒಂದು ಗೆರೆ. ಆಮೇಲೆ ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಇತ್ತ ನಾನು ಕ್ಷೇಮ, ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಪತ್ರ ಬರೆಯುವುದು. ಮಲೇರಿಯಾ ಬಂದು ಒಂಬತ್ತು ದಿನ ಮಲಗಿದಾಗಲೂ ಇತ್ತ ನಾನು ಕ್ಷೇಮವೇ. ಕೆಲಸ ಮಾಡ್ತಿದ್ದ ವರ್ಕ್‌ಶಾಪಿಗೆ ಬೀಗ ಬಿದ್ದು ಎರಡು ತಿಂಗಳು ಸಂಬಳ ಇಲ್ಲದಿದ್ದಾಗಲೂ ಕ್ಷೇಮವೇ. ಮನಿಯಾರ್ಡರ್ ಫಾರಂನ ಕೆಳಗಡೆ ಎರಡು ಮಾತು ಬರೆಯೋಕೆ ಅಂತ ಒಂದು ಚೂರು ಜಾಗ ಇರ್ತಿತ್ತು, ನೆನಪಿದೆಯಾ? ಅದರಲ್ಲೂ "ನಾನು ಕ್ಷೇಮ" ಅಂತಲೇ. ಊರಲ್ಲಿ ಇದ್ದವರೂ ಅಷ್ಟೇ ಅನ್ನಿ. ಅಜ್ಜ ಬಿದ್ದು ಸೊಂಟ ಮುರಿದಿದ್ದು ನನಗೆ ಗೊತ್ತಾದದ್ದು ಅವರು ಎದ್ದು ಓಡಾಡೋಕೆ ಶುರು ಮಾಡಿದ ಮೇಲೆ. ದೂರ ಇರುವವರಿಗೆ ಯಾಕೆ ಚಿಂತೆ ಕೊಡೋದು ಅನ್ನೋದು ಎರಡೂ ಕಡೆಯ ಅಲಿಖಿತ ಒಪ್ಪಂದ.

ಅಂಥ ಒಪ್ಪಂದದಲ್ಲಿ ಬೆಳೆದವನಿಗೆ ಈಗಿನ ಬೆಳಗುಗಳು ಸೋಜಿಗ. ಹಲ್ಲುಜ್ಜುವ ಮೊದಲೇ ಫೋನು ತೆರೆದರೆ ಯಾರೋ ತಮ್ಮ ಕ್ಷೇಮವಲ್ಲದ್ದನ್ನ ಬರೆದಿರ್ತಾರೆ. "ಅಪ್ಪ ಐಸಿಯುನಲ್ಲಿದ್ದಾರೆ, ಪ್ರಾರ್ಥಿಸಿ." "ಅವಳು ಹೋಗಿ ಇವತ್ತಿಗೆ ಒಂದು ವರ್ಷ." "ಯಾಕೋ ಏನೂ ಬೇಡ ಅನ್ನಿಸ್ತಿದೆ." ಇನ್ನು ಕೆಲವರದ್ದು ಒಗಟು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, "ಯಾರು ನಮ್ಮವರು ಅಂತ ಈಗ ಗೊತ್ತಾಯ್ತು." ಕೆಳಗೆ ಹತ್ತು ಜನ ಏನಾಯ್ತು ಅಂತ ಕೇಳಿದ್ರೆ ಉತ್ತರ, "ಏನಿಲ್ಲ ಬಿಡಿ..."

ಇದನ್ನ ಕಂಡು ನಗುವವರೂ ಇದ್ದಾರೆ. ಒಮ್ಮೆ ಡೊಂಬಿವಿಲಿಯಿಂದ ದಾದರಿಗೆ ಹೋಗುವ ಲೋಕಲ್‌ನಲ್ಲಿ ನನ್ನ ಪಕ್ಕ ನಿಂತ ಹುಡುಗ ಗೆಳೆಯನಿಗೆ ಫೋನು ತೋರಿಸಿ ಹೇಳ್ತಿದ್ದ, ಎಲ್ಲ ಅಟೆನ್ಶನ್‌ಗೋಸ್ಕರ ಕಣೋ ಅಂತ. ಇಬ್ಬರೂ ನಕ್ಕರು. ಗಾಡಿ ದಿವಾ ದಾಟಿ ಠಾಣೆ ಮುಟ್ಟುವವರೆಗೆ ಆ ಮಾತು ನನ್ನ ತಲೇಲಿ ಕೂತಿತ್ತು. ಗಮನ ಬೇಕು ಅನ್ನೋದು ಯಾವಾಗಿಂದ ಬೈಗುಳ ಆಯ್ತು? ಅಂಗಳದಲ್ಲಿ ಮಗು ಬಿದ್ದಾಗ ನೋಡಿ. ಕೂಡಲೇ ಅಳೋದಿಲ್ಲ. ಮೊದಲು ತಲೆ ಎತ್ತಿ ಸುತ್ತ ನೋಡುತ್ತೆ, ಅಮ್ಮ ನೋಡಿದಳಾ ಅಂತ. ನೋಡಿದಳು ಅಂತ ಗೊತ್ತಾದ ಮೇಲೆ ಅಳು. ಹಾಗಂತ ಅದಕ್ಕೆ ಗಾಯವೇ ಆಗಿಲ್ಲ ಅಂತ ಹೇಳ್ತೀರಾ?

ಹಿಂದೆಯೂ ಈ ಗಮನ ಬೇಕಿತ್ತು. ಆದ್ರೆ ಕೇಳದೇ ಸಿಗ್ತಿತ್ತು. 1989ರಲ್ಲಿ ನಾನು ಬಂದಾಗ ಅಂಧೇರಿಯ ಒಂದು ರೂಮಿನಲ್ಲಿ ಏಳು ಜನ. ಅದನ್ನ ಮನೆ ಅಂತ ಯಾರೂ ಅಂತಿರಲಿಲ್ಲ, ರೂಮು ಅಷ್ಟೇ. ಫೋನು ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ. ಆ ಪಿ.ಪಿ. ನಂಬರೇ ನಮ್ಮೆಲ್ಲರ ವಿಳಾಸ. ಅಲ್ಲಿ ಮನಸ್ಸಿನ ಮಾತು ಯಾರೂ ಆಡ್ತಿರಲಿಲ್ಲ, ನಿಜ. ಆದ್ರೆ ಒಬ್ಬ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ಉಳಿದ ಆರೂ ಜನಕ್ಕೆ ಗೊತ್ತಾಗ್ತಿತ್ತು. ಜಾಗವೇ ಇರಲಿಲ್ಲವಲ್ಲ, ಗೊತ್ತಾಗದೇ ಇರೋಕೆ! ಮೂರನೇ ದಿನ ಯಾರೋ ಒಬ್ಬ, "ನಡಿಯೋ, ಜುಹೂಗೆ ಹೋಗಿ ಬರುವಾ" ಅಂತ ಎಬ್ಬಿಸ್ತಿದ್ದ. ಸಮುದ್ರದ ಎದುರು ಕೂತು ಭೇಲ್ ತಿಂದು ಹೆಚ್ಚು ಮಾತಿಲ್ಲದೇ ವಾಪಸ್ಸು. ಅಷ್ಟಕ್ಕೇ ಏನೋ ಹಗುರ.

ಮದುವೆ ಆಯ್ತು, ಡೊಂಬಿವಿಲಿಯಲ್ಲಿ ಒಂದು ಬೆಡ್‌ರೂಮಿನ ಫ್ಲಾಟು ಆಯ್ತು, ಬಾಗಿಲಿಗೆ ಇನ್ನೊಂದು ಕಬ್ಬಿಣದ ಬಾಗಿಲೂ ಬಂತು. ಆ ಏಳು ಜನ ವಸಯಿ, ಮೀರಾ ರೋಡ್, ನವಿ ಮುಂಬಯಿ ಅಂತ ಚದುರಿಹೋದ್ರು. ಒಬ್ಬ ಊರಿಗೆ ಮರಳಿ ತೋಟ ನೋಡ್ಕೊಂಡಿದ್ದಾನೆ. ಈಗ ನಾನು ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ಹೆಂಡತಿಯೊಬ್ಬಳಿಗೆ ಬಿಟ್ಟು ಇನ್ಯಾರಿಗೂ ಕಾಣಿಸೋದಿಲ್ಲ. ಕಾಣಿಸಬೇಕು ಅಂದ್ರೆ ಬರೆಯಬೇಕು. ಇಷ್ಟೇ ವ್ಯತ್ಯಾಸ ಅಂತ ನನಗನ್ನಿಸೋದು.

ನಾನು ಬರೆದದ್ದು 2021ರ ಮೇ ತಿಂಗಳಲ್ಲಿ.

ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನ ಅಲ್ಲಾಡಿಸಿ ಹೋದ ಮರುವಾರ ಊರಲ್ಲಿ ಅಮ್ಮ ತೀರಿಕೊಂಡಳು. ಕೊರೋನಾ ಅಲ್ಲ, ಹೃದಯ. ಎಂಬತ್ತೊಂದಾಗಿತ್ತು. ಕೊರೋನಾ ಬಂದಿದ್ದು ನನಗೆ. ಒಳಗಿನ ರೂಮಿನಲ್ಲಿ ಒಬ್ಬನೇ ಇದ್ದೆ, ಆರನೇ ದಿನ. ಹೆಂಡತಿ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗ್ತಿದ್ದಳು. ಹೊರಡೋ ಪ್ರಶ್ನೆಯೇ ಇರಲಿಲ್ಲ. ಅಕ್ಕನ ಮಗ ವಿಡಿಯೋ ಕಾಲ್ ಮಾಡೋಕೆ ನೋಡಿದ, ಗಾಳಿಗೆ ಕಂಬ ಬಿದ್ದ ಮೇಲೆ ಅಲ್ಲಿ ಸಿಗ್ನಲ್ಲೂ ಸರಿ ಇರಲಿಲ್ಲ. ಅಮ್ಮನ ಮುಖ ಚೌಕಚೌಕ ಆಗಿ ನಿಂತುಬಿಟ್ಟಿತು. ಅದೇ ಕೊನೆಯ ದರ್ಶನ.

ಆವತ್ತು ರಾತ್ರಿ ಆ ಪೆಟ್ಟಿಗೆಯಲ್ಲಿ ನಾಲ್ಕು ಸಾಲು ಬರೆದೆ. ಅಮ್ಮ ಹೋದಳು, ನನಗೆ ಹೋಗೋಕಾಗಲಿಲ್ಲ, ಅವಳು ಹೆಣೆದ ಬಾಳೆನಾರಿನ ಹಗ್ಗ ಒಂದು ಇನ್ನೂ ನನ್ನ ಬಾಲ್ಕನಿಯಲ್ಲಿ ಬಟ್ಟೆ ಹೊರುತ್ತಿದೆ, ಅಂತೇನೋ. ಯಾಕೆ ಬರೆದೆ ಅಂತ ಕೇಳಿದ್ರೆ ಉತ್ತರ ಸುಲಭ. ಆ ರೂಮಿನಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ. ಯಾರಿಗೆ ಫೋನು ಮಾಡಲಿ? ಆ ತಿಂಗಳಲ್ಲಿ ಯಾರ ಮನೆಯಲ್ಲಿ ಏನು ನಡೀತಿದೆ ಅಂತ ಯಾರಿಗೆ ಗೊತ್ತಿತ್ತು? ಫೋನು ಮಾಡೋದು ಅಂದ್ರೆ ಒಬ್ಬರನ್ನ ಆರಿಸಿ ಅವರ ತಲೆ ಮೇಲೆ ಹೊರೆ ಇಟ್ಟ ಹಾಗೆ. ಗೋಡೆ ಮೇಲೆ ಬರೆಯೋದು ಅಂದ್ರೆ ಹೊರೆಯನ್ನ ಕಟ್ಟೆ ಮೇಲೆ ಇಳಿಸಿಟ್ಟ ಹಾಗೆ. ಕೈ ಕೊಡೋಕೆ ಆಗುವವರು ಕೊಡಲಿ, ಆಗದವರು ದಾಟಿ ಹೋಗಲಿ. ನಾಚಿಕೆ, ಸಂಕೋಚ ಇರುವವರಿಗೆ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಪೋಸ್ಟು ಬರೆಯುವವರಿಗೆ ನಾಚಿಕೆ ಇಲ್ಲ ಅಂತಾರೆ. ನನ್ನ ಲೆಕ್ಕದಲ್ಲಿ ಸಂಕೋಚದವರೇ ಹೆಚ್ಚು ಬರೆಯೋದು.

ಬೆಳಗಾಗೋದರೊಳಗೆ ಇನ್ನೂರಕ್ಕೂ ಮಿಕ್ಕಿ ಪ್ರತಿಕ್ರಿಯೆ. ಅಳುಮುಖ, ಕೈಮುಗಿದ ಚಿತ್ರ, "ಓಂ ಶಾಂತಿ", "ಆತ್ಮಕ್ಕೆ ಸದ್ಗತಿ ಸಿಗಲಿ". ಜೊತೆಗೆ ಆ ಬೆಚ್ಚನೆಯ ಹಳದಿ ಮುಖ, ಹೃದಯವನ್ನ ತಬ್ಬಿ ಹಿಡಿದದ್ದು. ಇವುಗಳಿಗೂ ಒಂದು ಚರಿತ್ರೆ ಇದೆ ನೋಡಿ. 2009ರಲ್ಲಿ ಫೇಸ್‌ಬುಕ್ಕಿಗೆ ಲೈಕ್ ಗುಂಡಿ ಬಂತು. ಏಳು ವರ್ಷ ಜನ ಸಾವಿನ ಸುದ್ದಿಗೂ ಹೆಬ್ಬೆರಳು ಎತ್ತಬೇಕಾಗಿತ್ತು. ಅಳುಮುಖ ಬಂದದ್ದು 2016ರ ಫೆಬ್ರವರಿಯಲ್ಲಿ. ತಬ್ಬಿಕೊಂಡ ಮುಖ 2020ರಲ್ಲಿ, ಕೊರೋನಾ ಶುರುವಾದ ಮೇಲೆ, ಯಾರೂ ಯಾರನ್ನೂ ತಬ್ಬಿಕೊಳ್ಳಬಾರದು ಅಂತ ಆದಾಗ. ಇದನ್ನ ಕೃತಕ ಅಂತ ಹೀಯಾಳಿಸುವವರಿಗೆ ನಾನು ತಂತಿ ನೆನಪು ಮಾಡಿಕೊಡ್ತೀನಿ. ಶುಭಾಶಯದ ವಾಕ್ಯಗಳಿಗೆಲ್ಲ ಅಲ್ಲಿ ನಂಬರು ಇರ್ತಿತ್ತು. ದೀಪಾವಳಿಗೊಂದು, ಮದುವೆಗೊಂದು. ನಂಬರು ಬರೆದು ಕೊಟ್ಟರೆ ಆ ಕಡೆ ಪೂರ್ತಿ ವಾಕ್ಯ ಆಗಿ ಇಳೀತಿತ್ತು. ತಂತಿ ಸೇವೆ 2013ರ ಜುಲೈನಲ್ಲಿ ನಿಂತೇ ಹೋಯ್ತು, ಸಿದ್ಧ ವಾಕ್ಯದ ಅಭ್ಯಾಸ ನಿಲ್ಲಲಿಲ್ಲ ಅಷ್ಟೇ. ಸಿದ್ಧ ವಾಕ್ಯ ಸುಳ್ಳಲ್ಲ. ನಾನಿದ್ದೇನೆ, ನೋಡಿದೆ ಅನ್ನೋದಕ್ಕೆ ಅಷ್ಟು ಸಾಕು. ಆ ರಾತ್ರಿ ಒಂದೊಂದು ಹೆಸರು ಬಂದಾಗಲೂ ರೂಮಿನಲ್ಲಿ ಒಬ್ಬೊಬ್ಬರೇ ಬಂದು ಕೂತ ಹಾಗಾಯ್ತು. ನಿಜಕ್ಕೂ ಆಯ್ತು. ಇಲ್ಲ ಅಂತ ಹೇಳೋದಿಲ್ಲ.

ಆದ್ರೆ ಮೂರನೇ ದಿನಕ್ಕೆ ಎಲ್ಲ ತಣ್ಣಗಾಯ್ತು. ಪೋಸ್ಟು ಕೆಳಗೆ ಹೋಯ್ತು, ಮೇಲೆ ಬೇರೆಯವರ ಸಾವು ಬಂತು. ಆ ತಿಂಗಳು ಸಾವಿಗೇನು ಬರವೇ? ನಾನು ಫೋನು ಹಿಡಿದು ಅದೇ ಇನ್ನೂರು ಹೆಸರನ್ನ ಮತ್ತೆ ಮತ್ತೆ ಓದ್ತಾ ಕೂತಿದ್ದೆ. ಏನೋ ಇನ್ನೂ ಒಳಗೆ ಸಿಕ್ಕಿಹಾಕ್ಕೊಂಡ ಹಾಗೆ.

ಅದೇ ಹೊತ್ತಿಗೆ ಊರಲ್ಲಿ ಅಕ್ಕನದು ಬೇರೆ ಕತೆ. ನಮ್ಮ ಕಡೆ ಸಾವಾದ ಮನೆಗೆ "ಮಾತಾಡ್ಸಿಕೊಂಡು ಬರೋದು" ಅಂತ ಇದೆ, ನಿಮ್ಮಲ್ಲೂ ಇರಬೇಕು. ಲಾಕ್‌ಡೌನ್ ಇದ್ರೂ ಅಕ್ಕಪಕ್ಕದ ಮನೆಯವರು, ತೋಟದ ದಾರಿಯಲ್ಲಿ ಹಾದು ಹೋಗುವವರು, ಮಾಸ್ಕು ಕಟ್ಕೊಂಡು ಜಗಲಿಯ ಆಚೆ ತುದಿಗೆ ಬಂದು ಕೂತು ಹೋಗ್ತಿದ್ರು. ಸೂತಕದ ಮನೆ, ಚಾ ಕೊಡೋ ಹಾಗಿಲ್ಲ, ಅವರು ಕುಡಿಯೋ ಹಾಗೂ ಇಲ್ಲ. ಏಳುವಾಗ "ಹೋಗಿ ಬರ್ತೆ" ಅಂತ ಹೇಳೋ ಹಾಗಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಇಂಥ ನೂರೆಂಟು ಕಟ್ಟುಪಾಡಿನ ನಡುವೆ ಬಂದವರೆಲ್ಲ ಒಂದು ಕೆಲಸ ಮಾತ್ರ ತಪ್ಪದೇ ಮಾಡ್ತಿದ್ರು. ಕೂತ ಕೂಡಲೇ ಕೇಳ್ತಿದ್ರು, "ಹ್ಯಾಂಗಾತು?"

ಅಕ್ಕ ಹೇಳೋಳು. ಬೆಳಗ್ಗೆ ದೋಸೆ ತಿಂದಳು, ಅರ್ಧವೇ ತಿಂದಳು, ಎದೆ ಉರಿ ಅಂದಳು, ಮಜ್ಜಿಗೆ ಕೊಟ್ಟೆ, ಮಲಗ್ತೆ ಅಂದಳು... ಹೀಗೆ. ಮಧ್ಯಾಹ್ನ ಇನ್ನೊಬ್ಬರು ಬಂದು ಹ್ಯಾಂಗಾತು ಅಂದ್ರೆ ಮತ್ತೆ ದೋಸೆಯಿಂದ ಶುರು. ಸಂಜೆ ನನ್ನ ಹತ್ರ ಫೋನಿನಲ್ಲಿ ಮತ್ತೆ. ಮೊದಲ ದಿನ ಅವಳ ಮಾತು ಅಲ್ಲಲ್ಲೇ ತುಂಡಾಗ್ತಿತ್ತು. ಮಜ್ಜಿಗೆಗೆ ಬಂದು ನಿಂತುಬಿಡೋಳು, ಮಜ್ಜಿಗೆ ಕೊಡಬಾರದಿತ್ತೇನೋ, ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಿತ್ತೇನೋ ಅಂತ. ಐದನೇ ದಿನಕ್ಕೆ ಮಜ್ಜಿಗೆ ದಾಟಿ ಮುಂದೆ ಹೋದಳು. ಹನ್ನೊಂದನೇ ದಿನಕ್ಕೆ ಕತೆಯೊಳಗೆ ಒಂದು ಹೊಸ ಸಾಲು ಬಂತು: "ನೋಡು, ಯಾರಿಗೂ ತೊಂದ್ರೆ ಕೊಡದೇ ಹೋದಳು. ಅವಳಿಗೆ ಬೇಕಾದ್ದೂ ಅದೇ ಆಗಿತ್ತು." ಇದನ್ನ ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ಮೊದಲ ದಿನವೇ ಯಾರಾದ್ರೂ ಹೀಗೆ ಹೇಳಿದ್ದಿದ್ರೆ ಅಕ್ಕ ಸಿಟ್ಟಾಗ್ತಿದ್ದಳು. ಮೂವತ್ತು ನಲವತ್ತು ಸಲ ಹೇಳಿ ಹೇಳಿ ಅವಳೇ ಅಲ್ಲಿಗೆ ಮುಟ್ಟಿದಳು.

ನಾನು ಒಂದೇ ಸಲ ಹೇಳಿದ್ದೆ, ಇನ್ನೂರು ಜನ ಕೇಳಿಸ್ಕೊಂಡಿದ್ರು. ಅಕ್ಕ ನಲವತ್ತು ಸಲ ಹೇಳಿದ್ದಳು, ಪ್ರತಿ ಸಲ ಒಬ್ಬರು ಇಬ್ಬರು. ಇದನ್ನ ಕೂತು ಯೋಚಿಸಿದಾಗ ನನ್ನೊಳಗೆ ಸಿಕ್ಕಿಹಾಕ್ಕೊಂಡದ್ದು ಏನು ಅಂತ ಹೊಳೀತು. ನನ್ನನ್ನ ಸಮಾಧಾನ ಮಾಡಿದವರು ಬೇಕಾದಷ್ಟು. ಹ್ಯಾಂಗಾತು ಅಂತ ಕೇಳಿದವರು ಇರಲಿಲ್ಲ.

ಹದಿನಾರನೇ ದಿನ ಒಬ್ಬ ಕೇಳಿದ. ಹೈಸ್ಕೂಲಿನಲ್ಲಿ ಜೊತೆಗಿದ್ದವನು, ಈಗ ಹೈದರಾಬಾದಿನಲ್ಲಿದ್ದಾನೆ. ಇಪ್ಪತ್ತು ವರ್ಷದಿಂದ ಮಾತಿರಲಿಲ್ಲ. ಪೋಸ್ಟು ನೋಡಿ ಅವತ್ತು ಏನೂ ಬರೆದಿರಲಿಲ್ಲ. ಈಗ ಮೆಸೇಜು ಹಾಕಿದ, "ನಿನ್ನ ಅಮ್ಮ ನಂಗೆ ಒಂದ್ಸಲ ಹಲಸಿನ ಹಪ್ಪಳ ಸುಟ್ಟು ಕೊಟ್ಟಿದ್ದು ನೆನಪಿದೆ. ಕೊನೆಗೆ ಹ್ಯಾಂಗಾಯ್ತೋ? ಮಾತಾಡೋಕೆ ಆಗ್ತದಾ?" ನಾನು ಫೋನು ಮಾಡಿದೆ. ಒಂದು ಗಂಟೆ ಹತ್ತು ನಿಮಿಷ. ದೋಸೆಯಿಂದ ಶುರು ಮಾಡಿದೆ, ನಾನು ಕಣ್ಣಾರೆ ನೋಡಿರದ ದೋಸೆ. ಅವನು ಹೆಚ್ಚೇನೂ ಹೇಳಲಿಲ್ಲ. "ಹ್ಞೂಂ", "ಆಮೇಲೆ?", "ಅಕ್ಕ ಒಬ್ಳೇ ಇದ್ದಳಾ?" ಇಷ್ಟೇ. ಚೌಕಚೌಕ ಆದ ಮುಖದ ಬಗ್ಗೆ ಅದುವರೆಗೆ ನಾನು ಹೆಂಡತಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದೆ. ಫೋನು ಇಟ್ಟ ಮೇಲೆ ಊಟ ಸೇರಿತು.

ಇಲ್ಲಿ ಒಂದು ಮಾತು ಮರೀಬಾರದು. ನಾನು ಪೋಸ್ಟು ಬರೆಯದೇ ಇದ್ದಿದ್ರೆ ಅವನಿಗೆ ಗೊತ್ತೇ ಆಗ್ತಿರಲಿಲ್ಲ. ನನ್ನ ಫೋನು ಬುಕ್ಕಿನಲ್ಲಿ ಅವನ ನಂಬರಿರಲಿಲ್ಲ. ಎಷ್ಟು ಹುಡುಕಿದ್ರೂ ನಾನಾಗಿ ಅವನನ್ನ ಆರಿಸ್ತಿರಲಿಲ್ಲ. ಗೋಡೆ ಮೇಲೆ ಬರೆದದ್ದರ ಲಾಭ ಇದೇ. ನಮ್ಮ ದುಃಖಕ್ಕೆ ಕಿವಿ ಯಾರದ್ದು ಅಂತ ನಮಗೇ ಗೊತ್ತಿರೋದಿಲ್ಲ. ಬರೆದ್ರೆ ಆ ಕಿವಿ ತಾನಾಗೇ ಬರಬಹುದು. ಇನ್ನೂರರಲ್ಲಿ ಒಂದು. ಸಾಕಲ್ವಾ?

ಆಮೇಲೆ ಈ ವಿಷಯ ಓದುತ್ತ ಹೋದಾಗ ಗೊತ್ತಾಯ್ತು, ಬೆಲ್ಜಿಯಂ ದೇಶದ ಬರ್ನಾರ್ ರಿಮೆ ಅನ್ನೋ ಮನಶ್ಶಾಸ್ತ್ರಜ್ಞರು ಹತ್ತಾರು ವರ್ಷ ಇದನ್ನೇ ಅಭ್ಯಾಸ ಮಾಡಿದ್ದಾರೆ. ಮನಸ್ಸು ಕಲಕಿದ ಸಂಗತಿಯನ್ನ ಜನ ಸಾಮಾನ್ಯವಾಗಿ ಅದೇ ದಿನ ಯಾರಿಗಾದ್ರೂ ಹೇಳ್ತಾರಂತೆ, ಮತ್ತೆ ಮತ್ತೆ ಹೇಳ್ತಾರಂತೆ. ಹೇಳಿದ್ರೆ ಹಗುರ ಆಗುತ್ತೆ ಅಂತ ಎಲ್ಲರೂ ನಂಬ್ತಾರೆ. ಆದ್ರೆ ಬರೀ ಹೇಳೋದರಿಂದ ಆ ನೋವಿನ ತೀವ್ರತೆ ಇಳಿಯೋದಿಲ್ಲ ಅನ್ನೋದು ಅವರಿಗೆ ಕಂಡದ್ದು. ಹೇಳಿದವರು ಕೇಳಿದವರು ಹತ್ತಿರ ಆಗ್ತಾರೆ, ಒಂಟಿತನ ಕಮ್ಮಿ ಆಗುತ್ತೆ, ಅದು ನಿಜ. ಸಮಾಧಾನದ ಮಾತು ಆ ಹೊತ್ತಿಗೆ ಆಸರೆ. ಆದ್ರೆ ನೋವು ನಿಜಕ್ಕೂ ಕರಗಬೇಕಾದ್ರೆ ಆದದ್ದನ್ನ ಬೇರೆ ರೀತಿಯಿಂದ ನೋಡೋಕೆ ಸಾಧ್ಯ ಆಗಬೇಕು, ಅಂಥ ಮಾತುಕತೆ ನಡೀಬೇಕು. ಓದಿ ನಗು ಬಂತು. ನಮ್ಮ ಜಗಲಿಯ ಹೆಂಗಸರು ಯಾವ ಅಭ್ಯಾಸ ಮಾಡಿದ್ರು?

ಅದೇ 2021ರ ಏಪ್ರಿಲ್, ಮೇನಲ್ಲಿ ಇನ್ನೊಂದು ನಡೀತಿತ್ತು, ನೀವೂ ನೋಡಿರ್ತೀರಿ. ಆಗಿನ್ನೂ ಟ್ವಿಟರ್ ಅಂತ ಹೆಸರಿತ್ತು. ಅಲ್ಲಿ ಜನ ಆಕ್ಸಿಜನ್ ಕೇಳ್ತಿದ್ರು, ಬೆಡ್ ಕೇಳ್ತಿದ್ರು, ಪ್ಲಾಸ್ಮಾ ಕೇಳ್ತಿದ್ರು. ದಿಲ್ಲಿಯಲ್ಲಿ ಕೂತವನಿಗಾಗಿ ಚೆನ್ನೈಯ ಹುಡುಗಿ ಹತ್ತಾರು ಕಡೆ ಫೋನು ತಿರುಗಿಸಿ ಸಿಲಿಂಡರ್ ಎಲ್ಲಿದೆ ಅಂತ ಹುಡುಕಿ ಕೊಡ್ತಿದ್ದಳು. ಮುಖ ಪರಿಚಯ ಇಲ್ಲ. ಅಷ್ಟು ದೊಡ್ಡ ಮನಸ್ಸಿನ ಜನವೇ ದುಃಖದ ಪೋಸ್ಟಿನ ಕೆಳಗೆ ಬಂದಾಗ ಎರಡು ಕೈ ಮುಗಿದು ಯಾಕೆ ಹೊರಟುಬಿಡ್ತಾರೆ? ನನಗನ್ನಿಸೋದು, ಸಿಲಿಂಡರ್ ಕೇಳಿದಾಗ ಏನು ಕೊಡಬೇಕು ಅಂತ ಕೊಡುವವನಿಗೆ ಗೊತ್ತು. "ಯಾಕೋ ಏನೂ ಬೇಡ ಅನ್ನಿಸ್ತಿದೆ" ಅಂತ ಬರೆದಾಗ ಏನು ಕೊಡಬೇಕು ಅನ್ನೋದು ಅಲ್ಲಿ ಬರೆದಿರೋದಿಲ್ಲ. ಮನಸ್ಸು ಕಲ್ಲಾಗಿ ಹೊರಟುಹೋಗ್ತಾರೆ ಅಂತಲ್ಲ, ಮಾತು ಗೊತ್ತಾಗದೇ ಹೊರಟುಹೋಗ್ತಾರೆ. ಊರಲ್ಲಿ ಆ ಮಾತನ್ನ ಸಂಪ್ರದಾಯವೇ ಬಾಯಿಗೆ ಇಟ್ಟಿತ್ತು. ಹ್ಯಾಂಗಾತು. ಒಂದೇ ಪದ, ಅದೂ ಪ್ರಶ್ನೆ.

2023ರ ಚಳಿಗಾಲದ್ದೊಂದು ಘಟನೆ ಹೇಳ್ತೀನಿ. ನಾವು ಈ ಕಡೆಯ ಕೆಲವು ಕನ್ನಡಿಗರು ಸೇರಿ ಮಾಡ್ಕೊಂಡ ಒಂದು ವಾಟ್ಸಪ್ ಗುಂಪಿದೆ. ರಾಜ್ಯೋತ್ಸವ, ಯಕ್ಷಗಾನ, ಯಾರ ಮನೆಯಲ್ಲಿ ಸಾಂಬಾರ್ ಸೌತೆ ಬಂದಿದೆ ಅನ್ನೋದೆಲ್ಲ ಅದರಲ್ಲೇ. ಒಂದು ರಾತ್ರಿ ಒಂದೂವರೆಗೆ ಅದರಲ್ಲಿ ಒಬ್ಬರು ಬರೆದ್ರು, "ಯಾರಾದ್ರೂ ಎಚ್ಚರ ಇದ್ದೀರಾ?" ಯಾರೂ ಇರಲಿಲ್ಲ. ಬೆಳಗ್ಗೆ ಐದೂವರೆಗೆ ಅದರ ಕೆಳಗೇ ಗುಲಾಬಿ ಹೂವಿನ ಶುಭೋದಯ. ಅದರ ಕೆಳಗೆ ಸೂರ್ಯನಮಸ್ಕಾರದ ಪ್ರಯೋಜನಗಳು. ಆ ಪ್ರಶ್ನೆ ಮೇಲೆ ಮೇಲೆ ಸರಿದು ಮಾಯ.

ಗುಂಪಿನಲ್ಲಿ ಧಾರವಾಡ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಗುಮಾಸ್ತರಿದ್ದಾರೆ. ಗುಲಾಬಿ, ಸೂರ್ಯ ಎಲ್ಲ ದಾಟಿ ಮೇಲೆ ಹೋಗಿ ಓದುವ ಜಾತಿ. ಆರು ಗಂಟೆಗೆ ಅವರು ಫೋನು ಹಚ್ಚಿದ್ರಂತೆ. "ಏನ್ರೀ, ರಾತ್ರಿ ಒಂದೂವರಿಗೆ ಯಾಕ ಎಚ್ಚರಿದ್ರಿ? ಏನಾತು?" ಆ ಕಡೆಯಿಂದ "ಏನಿಲ್ಲ ಸರ್, ಸುಮ್ನೆ". "ಸುಮ್ನ ಯಾರೂ ಕೇಳಂಗಿಲ್ಲ. ಸ್ಟೇಶನ್ ಹತ್ರ ಬರ್ರಿ, ಚಾ ಕುಡ್ಯೂಣು." ಬಂದ್ರು. ಐವತ್ತೆರಡು ವರ್ಷದ ಮನುಷ್ಯ. ಕೆಲಸ ಹೋಗಿ ಏಳು ವಾರ ಆಗಿತ್ತು, ಮನೆಯಲ್ಲಿ ಹೇಳಿರಲಿಲ್ಲ. ದಿನಾ ಡಬ್ಬಿ ಕಟ್ಟಿಸಿಕೊಂಡು ಎಂಟು ಹತ್ತರ ಗಾಡಿ ಹತ್ತಿ, ಪಾಸ್ ಇತ್ತಲ್ಲ, ಯಾವುದಾದ್ರೂ ಸ್ಟೇಶನ್ನಿನ ಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿ ಸಂಜೆ ವಾಪಸ್ ಬರ್ತಿದ್ರು. ಇತ್ತ ನಾನು ಕ್ಷೇಮ. ಅವರು ಏನಾತು ಅಂದದ್ದಕ್ಕೆ ಇದೆಲ್ಲ ಹೊರಗೆ ಬಂತು. ಗುಮಾಸ್ತರು ಕೆಲಸ ಕೊಡಿಸಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ. ಅವತ್ತು ಸಂಜೆ ಆ ಮನೆಗೆ ಜೊತೆಗೆ ಹೋಗಿ ಕೂತರು, ಹೆಂಡತಿಗೆ ಹೇಳುವಾಗ ಪಕ್ಕದಲ್ಲಿ ಒಬ್ಬರು ಇರಲಿ ಅಂತ. ಈಗ ಆ ಮನುಷ್ಯ ಒಂದು ಅಂಗಡಿಯ ಲೆಕ್ಕ ಬರೀತಾರೆ. ಇದನ್ನೆಲ್ಲ ನನಗೆ ಹೇಳಿದ್ದು ಅವರೇ. ಬರೆಯಿರಿ, ಹೆಸರು ಬೇಡ ಅಂದ್ರು.

ಹಾಗಂತ ಎಲ್ಲ ಕಡೆ ಎಲ್ಲವನ್ನೂ ಬರೆಯಿರಿ ಅಂತ ನಾನು ಹೇಳ್ತಿಲ್ಲ. ಮನಸ್ಸು ಸರಿ ಇಲ್ಲ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದ ಕೂಡಲೇ "24 ಗಂಟೆಯಲ್ಲಿ ಸಕಲ ಸಮಸ್ಯೆಗೆ ಪರಿಹಾರ" ಅನ್ನೋ ಜ್ಯೋತಿಷಿ ಬರ್ತಾನೆ. ಒಂಟಿ ಹೆಂಗಸರು ಬರೆದ್ರಂತೂ ಪರಿಚಯವೇ ಇಲ್ಲದ ಹತ್ತು "ಹಾಯ್". ಅದಕ್ಕೇ ಗೊತ್ತಿರುವವರಿಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಂಡು ಬರೆಯೋದು ಒಳ್ಳೇದು. ಇನ್ನೊಂದು, ಉತ್ತರ ಬರದಿದ್ರೆ ಎಲ್ಲರೂ ನೋಡಿ ಸುಮ್ಮನಿದ್ದಾರೆ ಅಂತ ಅಂದ್ಕೋಬೇಡಿ. ನಾವು ಬರೆದದ್ದು ಎಲ್ಲ ಗೆಳೆಯರ ಕಣ್ಣಿಗೂ ಬೀಳೋದಿಲ್ಲ. ಯಾರಿಗೆ ಏನು ತೋರಿಸಬೇಕು ಅಂತ ಯಂತ್ರ ಆರಿಸುತ್ತೆ. ವಾಟ್ಸಪ್ ಸ್ಟೇಟಸ್ಸಿನ ಕತೆ ಇದಕ್ಕೆ ಉಲ್ಟಾ. ಅದು 24 ಗಂಟೆಗೆ ಅಳಿಸಿಹೋಗುತ್ತೆ, ಆದ್ರೆ ನೋಡಿದವರ ಪಟ್ಟಿ ಕೊಡುತ್ತೆ. ಅರವತ್ಮೂರು ಜನ ನೋಡಿದ್ದಾರೆ, ಒಬ್ಬರೂ ಮಾತಾಡಲಿಲ್ಲ ಅಂತ ಎಣಿಸ್ತಾ ಕೂರೋದು ಗಾಯಕ್ಕೆ ಉಪ್ಪು. ಆ ಅರವತ್ಮೂರರಲ್ಲಿ ಹೆಚ್ಚಿನವರು ಬೆರಳು ಸರಿಸ್ತಾ ಹೋದವರು, ಅಕ್ಷರ ಓದಿರೋದೂ ಇಲ್ಲ. ಬೇಕಾದವರು ಇಬ್ಬರು ಇದ್ರೆ ಅವರಿಗೆ ನೇರ ಬರೆಯಿರಿ. "ಸ್ವಲ್ಪ ಹೊತ್ತು ಮಾತಾಡೋಕೆ ಆಗುತ್ತಾ? ಸಲಹೆ ಬೇಡ, ಕೇಳಿಸ್ಕೊಂಡ್ರೆ ಸಾಕು." ಇಷ್ಟು ಬರೆದ್ರೆ ಕೊಡುವವರಿಗೂ ಏನು ಕೊಡಬೇಕು ಅಂತ ಗೊತ್ತಾಗುತ್ತೆ.

ಬದುಕೇ ಬೇಡ ಅನ್ನೋ ಅರ್ಥದ್ದು ಯಾರ ಪೋಸ್ಟಿನಲ್ಲಾದ್ರೂ ಕಂಡ್ರೆ ಮಾತ್ರ ಕೈಮುಗಿದ ಚಿತ್ರ ಹಾಕಿ ಹೋಗಬೇಡಿ, ನಾಳೆ ನೋಡುವಾ ಅಂತಲೂ ಬಿಡಬೇಡಿ. ಅವಾಗಲೇ ಫೋನು ಮಾಡಿ. ಹತ್ತಿರ ಇದ್ರೆ ಹೋಗಿ, ಇಲ್ಲಾಂದ್ರೆ ಹತ್ತಿರ ಇರುವವರನ್ನ ಕಳಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅಂತ ಒಂದು ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೀತಿದೆ. ನಂಬರು 14416. ದಿನದ 24 ಗಂಟೆ, ದುಡ್ಡಿಲ್ಲ. ಇದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಮೂವತ್ತೈದು ವರ್ಷ ಮುಂಬಯಿಯಲ್ಲಿದ್ದು ಮರಾಠಿ, ಹಿಂದಿ ಎರಡರಲ್ಲೂ ವ್ಯವಹಾರ ಮಾಡಬಲ್ಲೆ, ಜಗಳವನ್ನೂ ಆಡಬಲ್ಲೆ. ಅಮ್ಮ ಸತ್ತ ದುಃಖ ಹೇಳೋಕೆ ಮಾತ್ರ ನನಗೆ ಕನ್ನಡವೇ ಬೇಕು, ಅದರಲ್ಲೂ ನಮ್ಮನೆ ಕನ್ನಡ.

ಈಗ ನಾನೊಂದು ಅಭ್ಯಾಸ ಇಟ್ಕೊಂಡಿದ್ದೀನಿ. ಯಾರ ಮನೆಯಲ್ಲಾದ್ರೂ ಸಾವಾದ ಸುದ್ದಿ ಕಂಡ್ರೆ ಅವತ್ತು ಎಲ್ಲರ ಹಾಗೆ ನಾನೂ ಎರಡು ಸಾಲು ಬರೀತೀನಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಹದಿನಾರನೇ ದಿನಕ್ಕೆ ಅವರ ಹೆಸರಿನ ಮೊದಲ ಅಕ್ಷರ ಬರೆದಿಡ್ತೀನಿ. ಆ ದಿನ ಫೋನು ಮಾಡಿ ಕೇಳ್ತೀನಿ. ಅಷ್ಟೊತ್ತಿಗೆ ಬಂದವರೆಲ್ಲ ಹೋಗಿರ್ತಾರೆ, ಮನೆ ಖಾಲಿ ಆಗಿರುತ್ತೆ. ಕೆಲವರು ಎರಡು ನಿಮಿಷದಲ್ಲಿ ಮುಗಿಸ್ತಾರೆ, ಬೇಡ ಅನ್ನೋ ಹಕ್ಕು ಅವರಿಗಿದೆ. ಹೆಚ್ಚಿನವರು ಒಂದು ಕ್ಷಣ ಸುಮ್ಮನಿದ್ದು, ಗಂಟಲು ಸರಿ ಮಾಡ್ಕೊಂಡು, ಬೆಳಗ್ಗೆಯಿಂದ ಶುರು ಮಾಡ್ತಾರೆ. ಏನು ತಿಂದ್ರು, ಏನು ಅಂದ್ರು, ಯಾರಿದ್ರು...

ನಿಮ್ಮ ಪಟ್ಟಿಯಲ್ಲೂ ಅಂಥವರು ಒಬ್ಬರಿರಬೇಕು. ಹದಿನೈದು ಇಪ್ಪತ್ತು ದಿನದ ಹಿಂದೆ ಏನೋ ಬರೆದಿದ್ದವರು, ಆಮೇಲೆ ಸುದ್ದಿ ಇಲ್ಲದವರು. ಹುಡುಕಿ ನೋಡಿ, ಒಂದು ಫೋನು ಮಾಡಿ. ಏನು ಮಾತಾಡೋದು ಅಂತ ಯೋಚನೆ ಬೇಡ, ಕೇಳಬೇಕಾದ್ದು ಇರೋದೇ ಒಂದು. ನಿಮ್ಮೂರಿನ ಕನ್ನಡದಲ್ಲಿ ಅದನ್ನ ಹೇಗೆ ಕೇಳ್ತಾರೋ ಹಾಗೇ ಕೇಳಿ.